ತಾಯತದ ದಾರಕ್ಕೆ ಪದಕ

ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮೈಸೂರು-ಮಂಡ್ಯ ಕಡೆಯ ಕಥೋಲಿಕ ಮನೆಗಳಿಂದ ಇದೇ ಸಂಕಟ ಮತ್ತೆ ಮತ್ತೆ ಕನ್ಯಾಸ್ತ್ರೀಯಾದ ನನ್ನೆದುರು ಬಂದು ಕೂರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಆಕೆ ಮಂಡ್ಯದ ಹತ್ತಿರದ ಹಳ್ಳಿಯವಳು. ಚಿಕ್ಕ ಮಗನಿಗೆ ಫಿಟ್ಸ್. ಡಾಕ್ಟರು ಎರಡು ಹೊತ್ತು ಸಿರಪ್ ಬರೆದುಕೊಟ್ಟಿದ್ದರು. ಅತ್ತೆ ಭಾನುವಾರ ಚರ್ಚಿನ ಬಲಿಪೂಜೆ ತಪ್ಪಿಸದವರೇ. ಆದರೂ ಕೊಳ್ಳೇಗಾಲದ ಕಡೆಯಿಂದ ತಾಯತ ತರಿಸಿ ಮಗುವಿನ ಉಡಿದಾರಕ್ಕೆ ಕಟ್ಟಿದ್ದರು. ‘ಇದು ಮೈಮೇಲಿರೋವರೆಗೂ ಇಂಗ್ಲಿಷ್ ಔಷಧಿ ಸೋಕಿಸಬೇಡಿ’ ಎಂದಿದ್ದನಂತೆ ಕೊಟ್ಟವನು. ಸಿರಪ್ಪು ಒಂದು ಹೊತ್ತಿಗೆ ಇಳಿಯಿತು, ಅದೂ ಕದ್ದು. ಇತ್ತ ಪ್ರಾರ್ಥನಾಕೂಟದವರೊಬ್ಬರು ಫಿಟ್ಸ್ ಬರುವುದೇ ತಾಯತದ ಪಾಪಕ್ಕೆ ಎಂದುಬಿಟ್ಟರು. ಈಕೆ ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸುವುದನ್ನೇ ಬಿಟ್ಟಳು.

ಎರಡನೇ ಭೇಟಿಗೆ ಬಂದಾಗ ಮುಖ ಅರಳಿತ್ತು.

“ತಾಯತ ಕಿತ್ತು ಕಾವೇರಿಗೆ ಹಾಕ್ಬಿಟ್ಟೆ ಸಿಸ್ಟರ್. ದೋರನಹಳ್ಳಿ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಹೋಗಿದ್ವಿ, ಅಲ್ಲಿಂದ ಮರಿಯ ಮಾತೆಯ ಪದಕ ತಂದು ಅದೇ ದಾರಕ್ಕೆ ಹಾಕಿದೀನಿ. ತಾಯತಕ್ಕಿಂತ ಇದು ಸ್ಟ್ರಾಂಗ್ ಅಲ್ವಾ?”

“ಸಿರಪ್ಪು?”

“ಮಾತೆ ಇರೋವಾಗ ಔಷಧಿ ಕೊಟ್ರೆ ನಂಬಿಕೆ ಇಲ್ಲ ಅಂತ ಆಗಲ್ವಾ?”

ಒಂದು ಹೊತ್ತಿನದೂ ನಿಂತಿತ್ತು. ತಾಯತ ನೀರುಪಾಲಾದರೂ ಅದರ ಕಟ್ಟಳೆ ಪದಕಕ್ಕೆ ದಾಟಿಕೊಂಡಿತ್ತು.

ಮೊದಲು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿಸಿದೆ. ಫಿಟ್ಸ್ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ, ಬಿಡದೆ ಬರಬಹುದು. ಮಿಕ್ಕ ಮಾತೆಲ್ಲ ಅದರ ನಂತರ.

“ನಾಳೆ ದಾರ ಹರಿದು ಪದಕ ಎಲ್ಲೋ ಬಿದ್ದುಹೋದ್ರೆ ಏನ್ಮಾಡ್ತೀಯಮ್ಮ?” ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದಳು. “ಸಿಗೋ ತನಕ ಮಗೂನ ಮಲಗಿಸಲ್ಲ ಸಿಸ್ಟರ್.”

“ಪದಕ ಕಳೆದ್ರೆ ಮಾತೆಯೂ ಬಿಟ್ಟುಹೋಗ್ತಾರಾ?”

ಅಳತೊಡಗಿದಳು. ಅತ್ತು ಮುಗಿಯಲಿ ಎಂದು ಕಾದೆ. ಆಮೇಲೆ ಪದಕದ ಅಂಚಿನ ಸಣ್ಣ ಅಕ್ಷರಗಳನ್ನು ತೋರಿಸಿದೆ. 1830ರಲ್ಲಿ ಪ್ಯಾರಿಸಿನ ಕ್ಯಾಥರೀನ್ ಲಬೂರೆ ಎಂಬ ಸಹೋದರಿಗಾದ ದರ್ಶನದಿಂದ ಬಂದ ಪದಕ ಅದು. ನಿಮ್ಮ ಆಶ್ರಯಕ್ಕೆ ಬಂದ ನಮಗಾಗಿ ಪ್ರಾರ್ಥಿಸಿರಿ ಎಂದು ಅದರ ಮೇಲೆ ಮಾತೆಯನ್ನು ಬೇಡಿಕೊಂಡಿದೆ. ಧರಿಸಿದವರು ಬೇಡಬೇಕು, ಬೇಡಿದ ಮೇಲೆ ದೇವರಿಗೆ ಬಿಡಬೇಕು. ಲೋಹದ ಬಿಲ್ಲೆ ತಾನಾಗಿ ಯಾರನ್ನೂ ಕಾಯುವುದಿಲ್ಲ.

ಕನ್ಯಾಸ್ತ್ರೀಯಾಗಿ ಪವಿತ್ರ ಪದಕದ ಮೇಲೇ ಅನುಮಾನ ಹುಟ್ಟಿಸಿದಿರಿ ಎಂದು ಆಕ್ಷೇಪಿಸಿದವರಿದ್ದಾರೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥ ತೆರೆದು ನೋಡಲಿ. ತಾಯತ ಧರಿಸುವುದು ತಪ್ಪೆಂದು 2117ನೇ ಪರಿಚ್ಛೇದ ಹೇಳುತ್ತದೆ. ಅದನ್ನು ನಾನು ಎಲ್ಲೂ ಸಡಿಲಿಸಿಲ್ಲ. ಆದರೆ ಅದಕ್ಕೂ ಮೊದಲು, 2111ರಲ್ಲಿ, ಮನಸ್ಸು ಹೇಗಿದ್ದರೂ ಸರಿ, ಹೊರಗಿನ ಆಚರಣೆಯೇ ಫಲ ಕೊಡುತ್ತದೆ ಎಂದುಕೊಂಡರೆ ನಮ್ಮ ಪ್ರಾರ್ಥನೆ, ನಮ್ಮ ಪವಿತ್ರ ಚಿಹ್ನೆಗಳು ಕೂಡ ಮೂಢನಂಬಿಕೆಗೆ ಜಾರುತ್ತವೆ ಎಂಬ ಎಚ್ಚರಿಕೆಯಿದೆ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ಹೇಳುವವರು ಕಡಿಮೆ. ‘ತಾಯತ ಕಿತ್ತೆಸೆ’ ಎಂದು ಗದರಿಸಿದರೆ ಭಯದಿಂದ ಕಟ್ಟಿದ್ದನ್ನು ಇನ್ನೊಂದು ಭಯದಿಂದ ಬಿಚ್ಚುತ್ತಾರೆ, ಅಷ್ಟೆ. ಮಗುವಿನ ಕಾಯಿಲೆಯನ್ನು ಪಾಪದ ಫಲವೆಂದು ತಾಯಿಯ ತಲೆಗೆ ಕಟ್ಟುವುದಂತೂ ಕ್ರೌರ್ಯ.

ಪದಕ ಇರಲಿ, ಆದರೆ ಆ ದಾರದಲ್ಲಿ ಬೇಡ ಎಂದೆ. ಮನೆಯ ಪೀಠದ ಮೇಲಿಟ್ಟು ರಾತ್ರಿ ಅದರೆದುರು ಎಲ್ಲರೂ ಒಂದು ‘ನಮೋ ಮರಿಯ’ ಪ್ರಾರ್ಥನೆ ಹೇಳಿ, ಮಗುವಿಗೆ ಸಿರಪ್ಪು ಕೊಟ್ಟು ಮಲಗಿಸಿ. ಪದಕ ಮಗುವಿನ ಮೈಮೇಲಿಲ್ಲದೆಯೂ ನಿನಗೆ ನಿದ್ದೆ ಬರುವಂತಾದಾಗ ಅದನ್ನು ಮಗುವಿಗೆ ಹಾಕುವ ಮಾತಾಡೋಣ. ಔಷಧಿಯೂ ದೇವರ ಕೊಡುಗೆಯೇ. ಫಾದರ್ ಹತ್ತಿರ ಹೋಗು, ಪಾಪನಿವೇದನೆ ಮಾಡು, ಪರಮಪ್ರಸಾದದಿಂದ ದೂರ ಉಳಿಯಬೇಡ.

ಅತ್ತೆಯನ್ನು ದೂರಬೇಡ, ಕರೆದುಕೊಂಡು ಬಾ ಎಂದೂ ಹೇಳಿದ್ದೆ. ಮೊಮ್ಮಗನ ಮೇಲಿನ ಪ್ರೀತಿಗೇ ತಾಯತ ಕಟ್ಟಿದ ಜೀವ ಅದು. ಮುದುರಿಕೊಂಡೇ ಬಂದರು, ನಾನು ಬೈಯುತ್ತೇನೆಂದು. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡಬೇಕಲ್ವಾ ಎಂದರು. ಬೇಡ ಅಮ್ಮ ಎಂದೆ. ಮಗುವನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

“ಆ ಹೊತ್ತಲ್ಲಿ ಜಪ ಹೇಳಬಹುದಾ ಸಿಸ್ಟರ್?”

“ಹೇಳಿ ಅಮ್ಮ. ಗಡಿಯಾರ ನೋಡ್ತಾ ಹೇಳಿ.”

ರಾತ್ರಿಯ ಸಿರಪ್ಪಿನ ಹೊಣೆ ಈಗ ಅವರದೇ. ಸೊಸೆ ಮತ್ತೆ ಪರಮಪ್ರಸಾದ ಸ್ವೀಕರಿಸುತ್ತಿದ್ದಾಳೆ.