ಕಂಪಾಲಕ್ಕೆ ಟಿಕೆಟ್ ಮಾಡ್ಸೋ ಮುಂಚೆ ಮಗು ತಿಂಗಳು ಲೆಕ್ಕ ಹಾಕಿ

ತಂಗಿ, 7 ತಿಂಗಳ ಮಗು ಕರ್ಕೊಂಡು ಮುಂದಿನ ವಾರವೇ ಉಗಾಂಡಾದ ಕಂಪಾಲಕ್ಕೆ ಹೊರಟಿದೀವಿ, ಹಳದಿ ಜ್ವರದ ಇಂಜೆಕ್ಷನ್ ಇಲ್ದೆ ನಡೆಯುತ್ತಾ, ವಾಪಸ್ ಬರುವಾಗ ನಮ್ ದೇಶಕ್ಕೆ ನಮ್ಮನ್ನೇ ಬಿಡಲ್ಲ ಅನ್ನೋಕಾಗುತ್ತಾ ಅಂತ ಕೇಳಿದೀರಲ್ಲ. ನಾನಿಲ್ಲಿ ಕಂಪಾಲದಲ್ಲಿ 12 ವರ್ಷದಿಂದ ಇದೀನಿ, ದಯವಿಟ್ಟು ಟಿಕೆಟ್ ಮುಂದಕ್ಕೆ ಹಾಕ್ಸಿ.

1 ವರ್ಷ ದಾಟಿದ ಎಲ್ರೂ ಇಲ್ಲಿಯ ಎಂಟೆಬೆ ಏರ್‌ಪೋರ್ಟಲ್ಲಿ ಹಳದಿ ಕಾರ್ಡ್, ಅಂದ್ರೆ ಈ ಲಸಿಕೆ ಹಾಕಿಸಿದ್ದಕ್ಕೆ ಕೊಡೋ ಸರ್ಟಿಫಿಕೇಟ್, ತೋರಿಸ್ಬೇಕು, ಮತ್ತೆ ಆ ಕಾರ್ಡಿಗೆ ಬೆಲೆ ಬರೋದೇ ಇಂಜೆಕ್ಷನ್ ತಗೊಂಡ 10 ದಿನದ ಮೇಲೆ, ಹಾಗಾಗಿ ನಿಮಗೆ ಮುಂದಿನ ವಾರ ಆಗಲ್ಲ. ಬೆಂಗಳೂರಲ್ಲಿ ಶೇಷಾದ್ರಿ ರಸ್ತೆಯ ಪಬ್ಲಿಕ್ ಹೆಲ್ತ್ ಇನ್‌ಸ್ಟಿಟ್ಯೂಟಲ್ಲಿ ಹಾಕ್ತಾರೆ, ಮೊದ್ಲೇ ವಿಚಾರಿಸ್ಕೊಂಡು ಹೋಗಿ, ಒಂದು ಸೀಸೆ ಕಲಸಿದ್ರೆ ಕೆಲವೇ ಗಂಟೆಯಲ್ಲಿ ಖಾಲಿ ಮಾಡ್ಬೇಕು ಅದಕ್ಕೇ ಜನ ಸೇರಿಸಿ ಹಾಕ್ತಾರೆ. ಮೊಟ್ಟೆ ಅಲರ್ಜಿ ಇದ್ರೆ, ಬಸುರಿ ಆಗಿದ್ರೆ ಡಾಕ್ಟರಿಗೆ ಮೊದ್ಲೇ ಹೇಳಿ. ಒಂದ್ಸಲ ಹಾಕಿಸ್ಕೊಂಡ್ರೆ ಜೀವನಪೂರ್ತಿ ನಡೆಯುತ್ತೆ, ಹತ್ತು ವರ್ಷಕ್ಕೊಮ್ಮೆ ಅನ್ನೋ ನಿಯಮ 2016ರ ಜುಲೈಗೇ ಹೋಯ್ತು.

ಈಗ ಮಗು ವಿಷಯ, ನನಗೆ ಚಿಂತೆ ಇರೋದೇ ಇದರದ್ದು. 9 ತಿಂಗಳು ತುಂಬೋವರೆಗೂ ಮಕ್ಕಳಿಗೆ ಈ ಲಸಿಕೆ ಸಾಮಾನ್ಯವಾಗಿ ಹಾಕಲ್ಲ. ಉಗಾಂಡಾದವರು 1 ವರ್ಷದೊಳಗಿನ ಮಗುವಿಗೆ ಕೇಳಲ್ಲ, ಒಳಗೆ ಬಿಡ್ತಾರೆ. ಆದ್ರೆ ಇಂಡಿಯಾ ವಿನಾಯ್ತಿ ಕೊಡೋದು ತೀರಾ ಚಿಕ್ಕ ಕೂಸಿಗೆ ಮಾತ್ರ, ಎಷ್ಟು ತಿಂಗಳೊಳಗೆ ಅನ್ನೋದನ್ನ ಮೊದ್ಲೇ ವಿಚಾರಿಸ್ಕೊಳ್ಳಿ. ಊರಲ್ಲಿ ಏನೋ ಆಯ್ತು ಅಂತ ನೀವು ಅರ್ಜೆಂಟಾಗಿ ಹೊರಟ್ರೆ ನಿಮ್ ಕಾರ್ಡ್ ಸರಿ ಇದ್ರೂ ಮಗುವನ್ನ ಕ್ವಾರಂಟೈನಿಗೆ ಹಾಕ್ಬಹುದು, ತಾಯಿ ಬಿಟ್ಟು ಹೋಗೋಕಾಗುತ್ತಾ? ಅದೂ ಅಲ್ದೆ ಇಲ್ಲಿ ಈ ಜ್ವರ ನಿಜವಾಗ್ಲೂ ಇದೆ.

ನಮ್ಮಮ್ಮ ಇಲ್ಲಿಗೆ ಬಂದು ವಾಪಸ್ ಹೋದಾಗ ಕಾರ್ಡಲ್ಲಿ ಸೆಂಟರಿನ ಸೀಲೇ ಬಿದ್ದಿರ್ಲಿಲ್ಲ, ನಾವ್ಯಾರೂ ನೋಡಿರ್ಲಿಲ್ಲ. ಪಾಸ್‌ಪೋರ್ಟ್ ಎದೆಗೆ ಒತ್ಕೊಂಡು "ನಾನು ಇಲ್ಲಿಯವಳೇ ಕಣಪ್ಪಾ" ಅಂತ ಎಷ್ಟು ಹೇಳಿದ್ರೂ ಒಂದು ವಾರ್ಡಲ್ಲಿ ಕೂರಿಸಿದ್ರು, ಫೋನಲ್ಲಿ ಅವರ ದನಿ ಕೇಳಿ ನನಗೆ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ.

ಹಕ್ಕು ಅಂತ ಕೇಳಿದ್ರಲ್ಲ, ಇಂಡಿಯಾ ಪಾಸ್‌ಪೋರ್ಟ್ ಇರೋರನ್ನ ವಾಪಸ್ ಉಗಾಂಡಾಕ್ಕೆ ಕಳ್ಸಲ್ಲ, ಅದು ನಿಮ್ಮ ದೇಶ. ಆದ್ರೆ ತಡೆದು ಇಟ್ಕೊಳ್ಳೋ ಅಧಿಕಾರ ಹೆಲ್ತ್ ಆಫೀಸರಿಗೆ ಇದೆ, ಸ್ವದೇಶಿ ವಿದೇಶಿ ಅಂತ ಭೇದ ಇಲ್ಲ, ಹೆಚ್ಚಂದ್ರೆ 6 ದಿನ. ಆ 6 ದಿನ ಇಲ್ಲಿಂದ ಹೊರಟ ದಿನದಿಂದ ಲೆಕ್ಕ, ಮಧ್ಯೆ ದುಬೈಲಿ 2 ದಿನ ಇದ್ರೆ ಅಷ್ಟು ಕಳೀಬೇಕು, ಇದನ್ನ ಕೇಳಿ ಹೇಳಿಸ್ಕೊಳ್ಳಿ. ಊಟ, ನೀರು, ಮಲಗೋಕೆ ಜಾಗ, ಮನೆಯವರ ಜೊತೆ ಮಾತಾಡೋಕೆ ಅವಕಾಶ ಕೊಡ್ಬೇಕು ಅಂತ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 32ನೇ ವಿಧಿಯಲ್ಲೇ ಇದೆ, ಕೊಡದಿದ್ರೆ ಕೇಳೋಕೆ ಹಿಂಜರೀಬೇಡಿ. ಅಮ್ಮನ ವಿಷಯದಲ್ಲಿ ಅಷ್ಟು ನೋವಾದ್ರೂ ಆ ನಿಯಮ ತಪ್ಪು ಅಂತ ನಾನು ಹೇಳಲ್ಲ, ನಮ್ಮಲ್ಲಿ ಡೆಂಗ್ಯೂ ಹರಡೋ ಸೊಳ್ಳೆಯೇ ಇದನ್ನೂ ಹರಡುತ್ತೆ, ಇಂಡಿಯಾಕ್ಕೆ ಇನ್ನೂ ಈ ಜ್ವರ ಕಾಲಿಟ್ಟಿಲ್ಲ.

ಗಂಡ ಮೊದ್ಲು ಬರ್ಲಿ. ಮಗುವಿಗೆ 9 ತುಂಬಿದ ಮೇಲೆ ಡಾಕ್ಟರನ್ನ ಕೇಳಿ ಲಸಿಕೆ ಹಾಕ್ಸಿ, 10 ದಿನ ಕಳೆದು ನೀವಿಬ್ರೂ ಬನ್ನಿ. ಕಾರ್ಡ್ ಕೈಗೆ ಕೊಟ್ಟಾಗ ಅಲ್ಲೇ ನಿಂತು ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಕು, ಸಹಿ, ಸೀಲು ಒಂದೊಂದೇ ನೋಡ್ಕೊಳ್ಳಿ. ಮಗು ಹುಟ್ಟಿದ ತಾರೀಕು ಕಳ್ಸಿ, ಯಾವತ್ತಿಗೆ ಟಿಕೆಟ್ ಮಾಡ್ಬಹುದು ಅಂತ ಕೂತು ನೋಡಿ ಹೇಳ್ತೀನಿ.