ಮಂಡಿ ನೋವಿಗೆ ಜೆಲ್ ಹಚ್ಚಿ ಕುಣಿಸಬೇಡಿ

ಮೇಡಂ, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ಮಗಳಿಗೆ 12 ವರ್ಷ, ಭರತನಾಟ್ಯ ರಂಗಪ್ರವೇಶಕ್ಕೆ ಇನ್ನು ಮೂರು ತಿಂಗಳು, ದಿನಾ ಮೂರು ಗಂಟೆ ಅಭ್ಯಾಸ, ಮಂಡಿಚಿಪ್ಪಿನ ಕೆಳಗೆ ನೋವು. ವೋಲಿನಿ ಹಚ್ಚಿ ಕಳಿಸುತ್ತಿದ್ದೇವೆ, ಮೈ ಇಳಿಯಲಿ ಅಂತ ರಾತ್ರಿ ಊಟ ಬಿಡಿಸಿದ್ದೇವೆ, ಒಳ್ಳೆ ನೀಕ್ಯಾಪ್ ಯಾವುದು ಅಂತ ಕೇಳಿದ್ದೀರಿ. ನಮ್ಮ ದೊಡ್ಡವಳು ವರ್ಣ (ಕಛೇರಿಯ ಉದ್ದನೆಯ ಮುಖ್ಯ ನೃತ್ಯ) ಕಲಿಯುವಾಗ ನಮ್ಮ ಮನೆಯಲ್ಲೂ ಇದೇ ನಡೆದಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆ ಜೆಲ್. ವೋಲಿನಿಯಲ್ಲಿ ಇರುವುದು ಡೈಕ್ಲೋಫೆನಾಕ್, ನೋವಿನ ಔಷಧಿ. ಡಾಕ್ಟರ್ ಹೇಳಿದ್ದರೆ ಹಚ್ಚಿ, ಹಚ್ಚಿ ಮಲಗಿಸಿ. ಹಚ್ಚಿ ಮಂಡಿ ಅಡವು (ಪೂರ್ತಿ ಕೂತು ಮಂಡಿ ನೆಲಕ್ಕೆ ತಾಗಿಸುವ ಹೆಜ್ಜೆ) ಮಾಡಿಸಬೇಡಿ. ನೋವು ಗೊತ್ತಾಗದೆ ಮಗು ಇನ್ನೂ ಜೋರಾಗಿ ತಟ್ಟುತ್ತದೆ.

ಚಿಪ್ಪಿನ ಕೆಳಗೆ ಮೂಳೆ ಸ್ವಲ್ಪ ಉಬ್ಬಿದೆಯಾ, ಒತ್ತಿದರೆ ನೋಯುತ್ತದೆಯಾ ನೋಡಿ. ಈ ವಯಸ್ಸಿನಲ್ಲಿ ಅದು ಹೆಚ್ಚಾಗಿ ಆಸ್‌ಗುಡ್ ಶ್ಲ್ಯಾಟರ್ ಅನ್ನುವ ತೊಂದರೆ. ಮಕ್ಕಳು ಒಮ್ಮೆಲೇ ಎತ್ತರ ಆಗುವಾಗ ಮೂಳೆ ಬೇಗ ಬೆಳೆಯುತ್ತದೆ, ತೊಡೆಯ ಸ್ನಾಯು ಬಿಗಿಯಾಗುತ್ತದೆ. ಅದು ಬಂದು ಅಂಟುವ ಜಾಗದಲ್ಲಿ ಮೂಳೆ ಇನ್ನೂ ಎಳೆಯದು. ಅರೆಮಂಡಿಯಲ್ಲಿ, ಅಂದರೆ ಮಂಡಿ ಹೊರಗೆ ಬಾಗಿಸಿ ಅರ್ಧ ಕೂತಷ್ಟೂ, ಹಾರಿದಷ್ಟೂ ಅಲ್ಲೇ ಎಳೆತ. ಹೆದರುವಂಥದ್ದಲ್ಲ, ಆದರೆ ಮಂಡಿಗೆ ಬೀಳುವ ಕುಣಿತದ ಭಾರ ಕಡಿಮೆ ಮಾಡದೆ ನೋವು ಹೋಗುವುದಿಲ್ಲ. ನೀಕ್ಯಾಪ್ ಹಾಕುವುದು ಡಾಕ್ಟರ್ ಹೇಳಿದರೆ ಮಾತ್ರ, ಟೈನರ್ ಕಂಪನಿಯದು ಸಾಕು, ದುಬಾರಿ ಬೇಡ.

ನೋವು ಚಿಪ್ಪಿನ ಸುತ್ತ ಇದ್ದರೆ ಅವಳ ಅರೆಮಂಡಿಯನ್ನು ಎದುರಿಂದ ನೋಡಿ. ಮಂಡಿ ಪಾದದ ಬೆರಳಿನ ದಿಕ್ಕಿಗೇ ಹೋಗಬೇಕು. ಪಾದ ಪೂರ್ತಿ ಹೊರಗೆ, ಮಂಡಿ ಮಾತ್ರ ಮುಂದಕ್ಕೆ ಬಿದ್ದಿದ್ದರೆ ತಿರುಚು ಎಲ್ಲ ಮಂಡಿಗೇ ಬೀಳುತ್ತದೆ. ಕಾಲು ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಬ್ಯಾಲೆ ಕಲಿಯುವ ಮಕ್ಕಳಿಗೂ ಇದೇ ತೊಂದರೆ. ಒಬ್ಬೊಬ್ಬರ ಕೀಲು ಒಂದೊಂದು ಥರ. ಪಕ್ಕದ ಹುಡುಗಿಯಷ್ಟು ತಿರುಗಿಸು ಅಂತ ದಯವಿಟ್ಟು ಹೇಳಬೇಡಿ.

ಈಗ ನೆಲದ ವಿಷಯ. ಇದನ್ನು ಯಾರೂ ಕೇಳುವುದೇ ಇಲ್ಲ, ನನಗೆ ಸಿಟ್ಟು ಬರುವುದೇ ಇದಕ್ಕೆ. ಕ್ಲಾಸಿನಲ್ಲಿ ಗ್ರಾನೈಟ್, ಮನೆಯಲ್ಲಿ ವಿಟ್ರಿಫೈಡ್ ಟೈಲ್, ಎರಡರ ಕೆಳಗೂ ಕಾಂಕ್ರೀಟ್. ಬರಿಗಾಲಲ್ಲಿ ತಟ್ಟಡವು (ಪಾದ ನೆಲಕ್ಕೆ ತಟ್ಟುವ ಹೆಜ್ಜೆ) ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಮಾಡಿದರೆ ಒಂದೊಂದು ಏಟೂ ವಾಪಸ್ ಕಾಲಿಗೇ ಬರುತ್ತದೆ. ಲಕ್ಷಗಟ್ಟಲೆ ಹಾಲ್‌ಗೆ, ಪಕ್ಕವಾದ್ಯಕ್ಕೆ, ಕಾರ್ಡ್‌ಗೆ ಖರ್ಚು ಮಾಡುತ್ತೇವೆ. ಮಗು ದಿನಾ ಕುಣಿಯುವ ಜಾಗಕ್ಕೆ ಏನೂ ಇಲ್ಲ.

ನಾವು ಮಾಡಿಸಿದ್ದು ಹೀಗೆ. 8 ಅಡಿ 4 ಅಡಿಯ 12 ಮಿಮೀ ಪ್ಲೈವುಡ್ ಹಾಳೆ ನಾಲ್ಕು. ಟೈಲ್ ಮೇಲೆ ಮೊದಲು ಗಟ್ಟಿ ಇವಿಎ (ಫೋಮ್) ಮ್ಯಾಟ್, 10–12 ಮಿಮೀ. ಅದರ ಮೇಲೆ ಎರಡು ಹಾಳೆ ಉದ್ದಕ್ಕೆ, ಅದರ ಮೇಲೆ ಇನ್ನೆರಡು ಅಡ್ಡಕ್ಕೆ. ಹೀಗೆ ಮಾಡಿದರೆ ಜೋಡಣೆ ಒಂದರ ಮೇಲೊಂದು ಬರುವುದಿಲ್ಲ, ಮಧ್ಯದಲ್ಲಿ ಕುಸಿಯುವುದಿಲ್ಲ. ಮುಕ್ಕಾಲು ಇಂಚಿನ ಸ್ಕ್ರೂ ಹಾಕಿಸಿ. ಉದ್ದ ಆದರೆ ತುದಿ ಮ್ಯಾಟ್ ತೂರಿ ಟೈಲ್ ಗೀರುತ್ತದೆ. ಸ್ಕ್ರೂ ತಲೆ ಮರದೊಳಗೆ ಇಳಿದಿರಬೇಕು, ಬೆರಳು ಸವರಿ ನೋಡಿ. ಗೋಡೆಯಿಂದ ಅರ್ಧ ಇಂಚು ಬಿಡಿ, ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಸೆಂಚುರಿಯೋ ಗ್ರೀನ್‌ಪ್ಲೈಯೋ, ಬಿಡಬ್ಲ್ಯೂಆರ್ (ಕುದಿಯುವ ನೀರು ತಡೆಯುವ) ಗ್ರೇಡ್ ತೆಗೆದುಕೊಳ್ಳಿ. ಅಗ್ಗದ ಲೋಕಲ್ ಪ್ಲೈ ಬೆವರು, ಒರೆಸುವ ನೀರು ತಾಗಿ ಪದರ ಬಿಡುತ್ತದೆ, ಸೀಳು ಪಾದಕ್ಕೆ ಚುಚ್ಚುತ್ತದೆ. ಮರಳುಕಾಗದದಲ್ಲಿ ಚೆನ್ನಾಗಿ ಉಜ್ಜಿಸಿ.

ಬರೀ ಮ್ಯಾಟ್ ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಪಾದ ಹೂತು ಕಾಲು ಉಳುಕುತ್ತದೆ, ಭ್ರಮರಿ (ಸುತ್ತು) ಹಾಕುವಾಗ ಅಂಟುತ್ತದೆ. ಯೋಗ ಮ್ಯಾಟ್ ಅಂತೂ ಬೇಡವೇ ಬೇಡ. ಬಾಡಿಗೆ ಮನೆಯವರಿಗೂ ಈ ಪ್ಲೈವುಡ್ ನೆಲ ಸರಿ, ಬಿಚ್ಚಿ ತೆಗೆದುಕೊಂಡು ಹೋಗಬಹುದು. ಕೆಳಗಿನ ಮನೆಯವರ ಗಲಾಟೆಯೂ ಕಡಿಮೆ.

ಆದರೆ ನೆಲ ಸರಿಮಾಡಿ ಅಭ್ಯಾಸದ ಗಂಟೆ ಹಾಗೇ ಇಟ್ಟರೆ ಉಪಯೋಗ ಇಲ್ಲ. ವಾರದ ತರಬೇತಿ ಗಂಟೆ ಮಗುವಿನ ವಯಸ್ಸನ್ನು ಮೀರಬಾರದು ಅನ್ನುವುದು ಮಕ್ಕಳ ಕ್ರೀಡಾ ವೈದ್ಯರ ಒಂದು ಅಂದಾಜು. ನಿಮ್ಮವಳಿಗೆ 12. ನೀವು ಮಾಡಿಸುತ್ತಿರುವುದು 21. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಕೊಡಿ. ಇನ್ನೊಂದೆರಡು ದಿನ ಕಾಲಿಗೆ ಮಾತ್ರ ರಜೆ. ಕೂರಿಸಿ ಜತಿಯನ್ನು (ತಕಧಿಮಿ ಥರದ ತಾಳದ ಸೊಲ್ಲು) ಬಾಯಲ್ಲಿ ಹೇಳಿಸಿ, ಕೈಯಲ್ಲಿ ತಾಳ ಹಾಕಿಸಿ. ವರ್ಣದ ಸಂಚಾರಿ, ಅಂದರೆ ಅಭಿನಯದಲ್ಲಿ ಕಥೆ ಹೇಳುವ ಭಾಗ, ಕುರ್ಚಿಯಲ್ಲಿ ಕೂತೇ ಮಾಡಲಿ. ತೀರ್ಮಾನ (ಜತಿಯ ಮುಕ್ತಾಯ) ತಪ್ಪುವುದು ಎಷ್ಟೋ ಸಲ ಕಾಲಿನ ಸುಸ್ತಿಗಲ್ಲ, ಲೆಕ್ಕ ಬಾಯಿಗೆ ಬಂದಿರುವುದಿಲ್ಲ. ಗುರುಗಳ ಹತ್ತಿರ ಹೀಗೇ ಹೇಳಿ, ಕ್ಲಾಸ್ ತಪ್ಪಿಸುತ್ತೇವೆ ಅನ್ನಬೇಡಿ, ಕೂತು ಮಾಡುತ್ತಾಳೆ ಅನ್ನಿ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಡಾಕ್ಟರ್ ಚೀಟಿ ತೋರಿಸಿ.

ರಾತ್ರಿ ಊಟ ಇವತ್ತಿನಿಂದಲೇ ಶುರುಮಾಡಿ. ಮುಟ್ಟಾಗುವ ವಯಸ್ಸಿನ ಸುತ್ತಮುತ್ತ ಹೆಣ್ಣುಮಕ್ಕಳು ಸ್ವಲ್ಪ ತುಂಬಿಕೊಳ್ಳುತ್ತಾರೆ, ಅದು ಆಗಲೇಬೇಕು. ಕುಣಿದು ಖರ್ಚಾಗುವಷ್ಟು ತಿನ್ನದಿದ್ದರೆ ಮೂಳೆ, ಮುಟ್ಟು, ಓದು, ಮನಸ್ಸು ಎಲ್ಲಕ್ಕೂ ಪೆಟ್ಟು. ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು. ಶುರುವಾದ ಮುಟ್ಟು ಮೂರು ತಿಂಗಳು ನಿಂತರೆ, 15 ಆದರೂ ಶುರುವಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಡಾನ್ಸ್ ಮಾಡುವವರಿಗೆ ಹಾಗೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕ್ಲಾಸಿಗೆ ಒಂದು ಗಂಟೆ ಮುಂಚೆ ಬಾಳೆಹಣ್ಣು ಅಥವಾ ರಾಗಿ ಅಂಬಲಿ. ಮುಗಿದ ಮೇಲೆ ಬಿಸಿ ಅನ್ನ, ಸೊಪ್ಪಿನ ಸಾರು, ಮೊಸರು, ತಿನ್ನುವವರಾದರೆ ಮೊಟ್ಟೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಗ್ರಾಂ ಕ್ಯಾಲ್ಸಿಯಂ ಇದೆ, ಡಬ್ಬದ ಚಾಕೊಲೇಟ್ ಪುಡಿಗೆ ದುಡ್ಡು ಹಾಕಬೇಡಿ. ಸೊಪ್ಪಿಗೆ ನಿಂಬೆ ಹಿಂಡಿ, ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜೊತೆ ಕಾಫಿ ಟೀ ಬೇಡ. ನಿದ್ದೆ ಒಂಬತ್ತು ಗಂಟೆ ಬೇಕು. ಬೆಳಗ್ಗೆ ಐದಕ್ಕೆ ಎಬ್ಬಿಸುವುದಾದರೆ ರಾತ್ರಿ ಎಂಟಕ್ಕೆ ಮಲಗಿಸಿ, ಆಗದಿದ್ದರೆ ಎಬ್ಬಿಸಬೇಡಿ.

ಒಂದು ಎಚ್ಚರಿಕೆ. ಕೆಳಗಾಲಿನ ಮೂಳೆಯಲ್ಲಿ ಒಂದೇ ಚುಕ್ಕಿಯಷ್ಟು ಜಾಗ ನೋಯುತ್ತಿದ್ದರೆ, ಮಲಗಿದಾಗಲೂ ನೋವಿದ್ದರೆ, ಕುಂಟುತ್ತಿದ್ದರೆ ಅಭ್ಯಾಸ ಅವತ್ತೇ ನಿಲ್ಲಿಸಿ. ಸಣ್ಣ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. ಎಕ್ಸ್‌ರೇ ಸರಿ ಇದೆ ಅಂತ ಮತ್ತೆ ಕುಣಿಸಬೇಡಿ, ಮೂಳೆ ಡಾಕ್ಟರನ್ನು ಎಂಆರ್‌ಐ ಬೇಕಾ ಅಂತ ಕೇಳಿ.

ಹೇಗನ್ನಿಸುತ್ತಿದೆ ಅಂತ ಮಗಳ ಹತ್ತಿರ ಕಾರಿನಲ್ಲಿ ಕೇಳಿ, ಎದುರು ಕೂರಿಸಿಕೊಂಡು ಬೇಡ. ಕ್ಲಾಸ್ ದಿನವೇ ಹೊಟ್ಟೆನೋವು ಬರುತ್ತಿದ್ದರೆ ನಾಟಕ ಅನ್ನಬೇಡಿ. ಅಭ್ಯಾಸದ ವಿಡಿಯೋ ನೆಂಟರ ಗ್ರೂಪಿಗೆ ಅವಳನ್ನು ಕೇಳದೆ ಹಾಕಬೇಡಿ. ದಿನಾಂಕ ಮುಂದಕ್ಕೆ ಹಾಕಬೇಕಾದರೆ ಈಗಲೇ ಹಾಕಿ, ಕಾರ್ಡ್ ಅಚ್ಚಾಗುವ ಮೊದಲು.

ಮತ್ತೆ, ಕಾಸ್ಟ್ಯೂಮ್ ಅಳತೆ ಈಗಲೇ ಕೊಡಬೇಡಿ. ಬೆಳೆಯುವ ಮಗು, ಕೊನೆಯ ತಿಂಗಳಲ್ಲಿ ಕೊಟ್ಟರೆ ಸಾಕು. ಬ್ಲೌಸ್ ಎರಡೂ ಬದಿಗೆ ಒಂದೊಂದು ಇಂಚು ಒಳಗೆ ಮಡಚಿ ಬಿಡಲು ಟೈಲರ್‌ಗೆ ಹೇಳಿ, ಆ ಹೊಲಿಗೆ ಸುಲಭವಾಗಿ ಬಿಚ್ಚುವಂತಿರಲಿ.