ಮುಖಕ್ಕೆ ಸೂಜಿ ಚುಚ್ಚಿಸಿದರೆ ಸುಕ್ಕು ಹೋಗುತ್ತಾ?

ರಾಯಚೂರಿನಲ್ಲಿದ್ದೀನಿ, ಮಗಳ ಮದುವೆಗೆ ಮುಂಚೆ ಮುಖಕ್ಕೆ ಆಕ್ಯುಪಂಕ್ಚರ್ ಮಾಡಿಸಿದರೆ ವಯಸ್ಸು ಕಡಿಮೆ ಕಾಣುತ್ತಾ ಅಂತ ಕೇಳಿದ್ದೀರಿ.

ಸ್ವಲ್ಪ ಹೊತ್ತು ಕಾಣಬಹುದು. ಸೂಜಿ ಚುಚ್ಚಿದ ಕಡೆ ರಕ್ತ ಓಡಾಡುತ್ತದೆ, ಸಣ್ಣಗೆ ಊದುತ್ತದೆ. ಮುಖ ತುಂಬಿಕೊಂಡಂತೆ ಅನಿಸುತ್ತದೆ. ಸುಕ್ಕು ಹೋಗುತ್ತದೆ ಅನ್ನೋದಕ್ಕೆ ಪುರಾವೆ ಮಾತ್ರ ತೆಳು. 2013ರಲ್ಲಿ ಕೊರಿಯಾದ ಸಂಶೋಧಕರು 28 ಹೆಂಗಸರಿಗೆ ಮೂರು ವಾರದಲ್ಲಿ ಐದು ಸಲ ಮಾಡಿ ನೋಡಿದರು. ಚರ್ಮದ ಬಿಗಿ ಸುಧಾರಿಸಿದಂತೆ ಕಂಡಿತು. ಆದರೆ ಸೂಜಿ ಹಾಕಿಸದವರ ಗುಂಪೇ ಇರಲಿಲ್ಲ. ಮತ್ತೆ ಯಾರಿಗೆ ಹೋಲಿಸೋದು? ದುಡ್ಡು ಕೊಟ್ಟು ಬಂದ ಮೇಲೆ ಕನ್ನಡಿಯೂ ನಮ್ಮ ಪರ ಮಾತಾಡುತ್ತದೆ, ಅಲ್ವಾ! ಕ್ಲಿನಿಕ್‌ನವರು ತೋರಿಸುವ 'ಮೊದಲು-ಆಮೇಲೆ' ಫೋಟೋದಲ್ಲಿ ಬೆಳಕು ಬದಲಾದರೂ ಸಾಕು, ಗೆರೆ ಮಾಯ.

ನಮ್ಮ ಕಡೆ ಮುಖ ಕೆಡಿಸೋದು ಜಾಸ್ತಿ ಬಿಸಿಲೇ. ಆಸ್ಟ್ರೇಲಿಯಾದಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿದಾಗ, ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಕಡಿಮೆ ಮುಪ್ಪಾಗಿತ್ತು. ನಾನಾದರೆ ದುಡ್ಡು ಅದಕ್ಕೇ ಹಾಕುತ್ತೇನೆ.

ಆದರೂ ಮಾಡಿಸಲೇಬೇಕು ಅಂದರೆ ಮದುವೆಗೆ ಎರಡು ಮೂರು ವಾರ ಮುಂಚೆಯೇ ಮುಗಿಸಿ. ಕಣ್ಣಿನ ಸುತ್ತ ನೀಲಿಗಟ್ಟೋದು ಸಾಮಾನ್ಯ. ಸೂಜಿ ಹೊಸದಾ ಅಂತ ಕೇಳಿ, ಪ್ಯಾಕೆಟ್ ಎದುರಿಗೇ ಒಡೆಯಲಿ. ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.